ಸ್ಥಿರಾಸ್ತಿ ಚರವಾದಾಗ

ಮನೆ, ಹೊಲ, ಗದ್ದೆ, ತೋಟ ಇವುಗಳನ್ನು ನಮ್ಮ ಹಿರಿಯರು ಸ್ಥಿರಾಸ್ತಿ ಎಂದು ಕರೆದರು. ಚಿನ್ನ ಕಳವಾಗಬಹುದು, ದನ ಸಾಯಬಹುದು, ರೊಕ್ಕ ಕರಗಬಹುದು. ಭೂಮಿ ಮಾತ್ರ ಇದ್ದಲ್ಲಿಯೇ ಇರುವುದೆಂಬ ನಂಬಿಕೆ ಆ ಒಂದು ಮಾತಿನಲ್ಲಿ ಅಡಗಿದೆ. ಮಗಳ ಮದುವೆಗೆಂದೋ ಮುಪ್ಪಿನ ಕಾಲಕ್ಕೆಂದೋ ಹೊಟ್ಟೆ ಬಟ್ಟೆ ಕಟ್ಟಿ ಒಂದು ನಿವೇಶನವನ್ನು ಕೊಂಡಿಡುವ ನಗರದ ಸಂಸಾರಸ್ಥನ ಧೈರ್ಯವೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆಯೇ. ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ ಎಂದು ಕಾಣಿಸುವುದುಂಟು. ಆ ಮನೆಯೂ ಆ ರಸ್ತೆಯೂ ಒಂದು ದಿನ ಸಮುದ್ರದ ಪಾಲಾದಾವೆಂದು ಯಾವ ಪತ್ರಬರಹಗಾರನೂ ಯೋಚಿಸುವುದಿಲ್ಲ.

ಬಂಗಾಳ ಕೊಲ್ಲಿಯ ದಡದಲ್ಲಿ ಹಾಗೆ ಆಗಿಹೋಗಿದೆ. ಮೊದಲು ಪೂರ್ವಕ್ಕೆ ಮಾತ್ರ ಸಮುದ್ರವಿದ್ದ ಜಮೀನುಗಳಿಗೆ ಅಲ್ಲೀಗ ಚಕ್ಕುಬಂದಿ ಬರೆಯಹೊರಟರೆ ನಾಲ್ಕು ದಿಕ್ಕಿಗೂ ಸಮುದ್ರವೆಂದೇ ಬರೆಯಬೇಕಾದೀತು. ಜಮೀನು ನೀರಿನಡಿಗೆ ಹೋಯಿತು, ಪಟ್ಟೆ ಪೆಟ್ಟಿಗೆಯಲ್ಲಿ ಉಳಿಯಿತು. ಆ ಪಟ್ಟೆಗೆ ಇನ್ನು ಏನು ಬೆಲೆ? ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಅನೇಕ ಸರ್ಕಾರಗಳ ಮುಂದೆ ಬಂದು ನಿಂತಿರುವ ಪ್ರಶ್ನೆ ಇದು.

ಏಳು ಹಳ್ಳಿಗಳ ಕಥೆ

ಒಡಿಶಾದ ಕೇಂದ್ರಪಾಡಾ ಜಿಲ್ಲೆಯಲ್ಲಿ, ಭಿತರಕನಿಕಾದ ಕಾಂಡ್ಲಾ ಕಾಡುಗಳಿಗೆ ಸಮೀಪವಾಗಿ, ಸಾತಭಾಯಾ ಎಂಬ ಏಳು ಹಳ್ಳಿಗಳ ಗುಂಪೊಂದು ಇದ್ದಿತು. ಏಳು ಮಂದಿ ಅಣ್ಣತಮ್ಮಂದಿರು ಎಂದು ಆ ಹೆಸರಿಗೆ ಅರ್ಥ ಹೇಳುವರು. ಬತ್ತದ ಗದ್ದೆ, ತೆಂಗು, ಮೀನು, ಇವುಗಳಿಂದ ತಕ್ಕಮಟ್ಟಿಗೆ ಬದುಕಿದ್ದ ಊರುಗಳು ಅವು. ಕಳೆದ ಶತಮಾನದಲ್ಲಿಯೇ ಕಡಲ್ಕೊರೆತ ಅಲ್ಲಿ ಪ್ರಾರಂಭವಾಗಿ, ಹಳ್ಳಿಗಳು ಒಂದಾದ ಮೇಲೊಂದರಂತೆ ನೀರಿನ ಪಾಲಾದುವು. ಹಿಂದೆ ಸರಿದು ಮನೆ ಕಟ್ಟಿಕೊಂಡವರು ಮತ್ತೆ ಹಿಂದೆ ಸರಿಯಬೇಕಾಯಿತು. ಒಂದು ಕಾಲಕ್ಕೆ ಊರಿಗೆ ಸಿಹಿನೀರು ಕೊಡುತ್ತಿದ್ದ ಕೈಪಂಪಿನ ಸುತ್ತಲಿನ ಮರಳೆಲ್ಲ ಕೊಚ್ಚಿಹೋಗಿ, ಅದರ ಕಬ್ಬಿಣದ ಕೊಳವೆಯೊಂದು ಬೋಳಾಗಿ ಅಲೆಗಳ ನಡುವೆ ನಿಂತಿರುವ ಛಾಯಾಚಿತ್ರವನ್ನು ವಾಚಕರಲ್ಲಿ ಕೆಲವರಾದರೂ ಪತ್ರಿಕೆಗಳಲ್ಲಿ ಕಂಡಿರಬಹುದು. ಅದು ಈ ಊರಿನದೇ.

ಊರು ಬಿಟ್ಟವರಲ್ಲಿ ಮನುಷ್ಯರಷ್ಟೇ ಇರಲಿಲ್ಲ, ದೇವತೆಗಳೂ ಇದ್ದರು! ಅಲ್ಲಿಯ ಪಂಚುಬರಾಹಿ ಗುಡಿಯಲ್ಲಿ ಐದು ಮಂದಿ ದೇವಿಯರು. ಪೂಜೆ ಮಾಡುವವರು ಬೆಸ್ತರ ಮನೆಯ ಮುತ್ತೈದೆಯರು. ಗಂಡಸರು ವಿಗ್ರಹಗಳನ್ನು ಮುಟ್ಟುವಂತೆಯೇ ಇಲ್ಲ. ಈ ಕಟ್ಟಳೆಗೆ ನಾಲ್ಕು ನೂರು ವರ್ಷಗಳಾದುವೆಂದು ಊರವರು ಲೆಕ್ಕ ಹೇಳುವರು. ಸಮುದ್ರ ಗುಡಿಯ ಬಾಗಿಲಿಗೆ ಬಂದಾಗ ಕಟ್ಟಳೆಯೂ ಸಡಿಲಬೇಕಾಯಿತು. 2018ರ ಏಪ್ರಿಲ್ ತಿಂಗಳಿನಲ್ಲಿ ಭಾರವಾದ ಆ ಕಲ್ಲಿನ ವಿಗ್ರಹಗಳನ್ನು ಎತ್ತಿ ಸಾಗಿಸಲು ಗಂಡಸರನ್ನು ಕರೆಯಲಾಯಿತು. ಸುಮಾರು ಹನ್ನೆರಡು ಕಿಲೋಮೀಟರು ದೂರದ ಬಾಗಪಟಿಯಾ ಎಂಬಲ್ಲಿ ಹೊಸ ಗುಡಿ ಸೇರಿದ ದೇವಿಯರಿಗೆ ಶುದ್ಧಿ ಮಾಡಿ, ಪೂಜೆಯನ್ನು ಹೆಂಗಸರು ಮತ್ತೆ ತಮ್ಮ ಕೈಗೆ ತೆಗೆದುಕೊಂಡರು.

ಅದೇ ಬಾಗಪಟಿಯಾದಲ್ಲಿ ಸರ್ಕಾರ 571 ಕುಟುಂಬಗಳಿಗೆ ನೆಲೆ ಕಲ್ಪಿಸಿತು. ಕುಟುಂಬಕ್ಕೆ ಹತ್ತು ಡೆಸಿಮಲ್ ನೆಲ, ಮನೆ ಕಟ್ಟಿಕೊಳ್ಳಲು ಒಂದೂವರೆ ಲಕ್ಷ ರೂಪಾಯಿ. ಹತ್ತು ಡೆಸಿಮಲ್ ಎಂದರೆ ಎಕರೆಯ ಹತ್ತನೆಯ ಒಂದು ಪಾಲು, 4,356 ಚದರಡಿ. ಬೆಂಗಳೂರಿನವರ ಲೆಕ್ಕದಲ್ಲಿ ಅರವತ್ತಕ್ಕೆ ನಲವತ್ತರ ಎರಡು ನಿವೇಶನಗಳಿಗೆ ತುಸು ಕಡಿಮೆ. ನಗರದಲ್ಲಿ ಇದು ಭಾಗ್ಯವೇ ಸರಿ. ಆದರೆ ಗದ್ದೆ ಉತ್ತು ಬದುಕಿದವನಿಗೆ? ಹೋದ ಮನೆಗೆ ಬದಲು ಮನೆಯ ಜಾಗ ಸಿಕ್ಕಿತೇ ಹೊರತು ಹೋದ ಗದ್ದೆಗೆ ಬದಲು ಗದ್ದೆ ಸಿಕ್ಕಲಿಲ್ಲ. ಒಕ್ಕಲುತನ ಅಲ್ಲಿಗೆ ಮುಗಿದಂತಾಯಿತು. ಕೇಂದ್ರಪಾಡಾ ಜಿಲ್ಲೆ ಭಾರತದಾದ್ಯಂತ ಕೊಳಾಯಿ ಕೆಲಸಗಾರರಿಗೆ ಹೆಸರಾದದ್ದು. ನಮ್ಮ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ನಲ್ಲಿ ಜೋಡಿಸುವ ಒಡಿಯಾ ಯುವಕರಲ್ಲಿ ಆ ಜಿಲ್ಲೆಯವರು ಎಷ್ಟೋ ಮಂದಿ. ಅವರೆಲ್ಲರೂ ಸಮುದ್ರದಿಂದಲೇ ಓಡಿಬಂದವರೆಂದಲ್ಲ. ಊರಿನಲ್ಲಿ ನೆಲ ಸಾಲದಾದಾಗ ಕೈಕಸುಬು ಹಿಡಿದು ಹೊರಡುವ ದಾರಿ ಅಲ್ಲಿ ಮೊದಲೇ ತೆರೆದಿದ್ದಿತು.

ಕಸಿದವರು ಯಾರು?

ಸರ್ಕಾರ ರಸ್ತೆಗಾಗಿಯೋ ಅಣೆಕಟ್ಟಿಗಾಗಿಯೋ ರೈತನ ಜಮೀನನ್ನು ತೆಗೆದುಕೊಂಡರೆ ಪರಿಹಾರ ಕೇಳುವ ಹಕ್ಕು ಅವನಿಗುಂಟು. 2013ರ ಭೂಸ್ವಾಧೀನ ಕಾಯಿದೆ ಈ ಹಕ್ಕನ್ನು ಇನ್ನೂ ಬಲಪಡಿಸಿತು. ಗ್ರಾಮಾಂತರ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಪರಿಹಾರ ಏರಬಹುದು. ಆದರೆ ಅದೇ ಜಮೀನನ್ನು ಸಮುದ್ರ ತೆಗೆದುಕೊಂಡರೆ ಆ ಕಾಯಿದೆಯ ಒಂದು ಅಕ್ಷರವೂ ಅವನ ನೆರವಿಗೆ ಬರುವುದಿಲ್ಲ. ಸಮುದ್ರಕ್ಕೆ ನೋಟೀಸು ಕೊಡುವವರಾರು? ಆದುದರಿಂದ ಸಾತಭಾಯಾದವರಿಗೆ ದೊರೆತದ್ದು ಹಕ್ಕಿನಿಂದ ಬಂದದ್ದಲ್ಲ, ಸರ್ಕಾರ ಕನಿಕರದಿಂದ ಕೊಟ್ಟದ್ದು. ಹಕ್ಕಿಗೂ ಕನಿಕರಕ್ಕೂ ಇರುವ ಅಂತರ ದೊಡ್ಡದು. ಹಕ್ಕಿದ್ದವನು ಸಾಲದಿದ್ದರೆ ನ್ಯಾಯಾಲಯಕ್ಕೆ ಹೋಗಬಲ್ಲನು. ಕನಿಕರ ಪಡೆದವನು ಕೈ ಮುಗಿದು ಸುಮ್ಮನಿರಬೇಕು.

ಸಮುದ್ರ ತಾನಾಗಿಯೇ ಮೇಲೆ ಬಂದಿತೇ ಎಂಬುದೂ ವಿಚಾರ ಮಾಡತಕ್ಕ ಮಾತು. ಭೂಮಿಯ ಉಷ್ಣತೆ ಹೆಚ್ಚಿದಂತೆ ಮಂಜುಗಡ್ಡೆ ಕರಗಿ, ಕಡಲ ನೀರೂ ಕಾದು ಹಿಗ್ಗಿ, 1901ರಿಂದ 2018ರ ವರೆಗೆ ಸಮುದ್ರದ ಮಟ್ಟ ಸರಾಸರಿ ಇಪ್ಪತ್ತು ಸೆಂಟಿಮೀಟರು ಏರಿತೆಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಮಂಡಲಿ ಹೇಳಿದೆ. 2006ರಿಂದ 2018ರ ವರೆಗಿನ ಏರಿಕೆ ವರ್ಷಕ್ಕೆ 3.7 ಮಿಲಿಮೀಟರು, ಹೆಚ್ಚುಕಡಮೆ ಒಂದು ಹೆಸರುಕಾಳಿನ ಗಾತ್ರ. ವರ್ಷಕ್ಕೊಂದು ಹೆಸರುಕಾಳು ಎಂದು ನಗಬೇಡಿ. ಚಪ್ಪಟೆಯಾದ ಮರಳ ತೀರದಲ್ಲಿ ಅಷ್ಟು ಏರಿದ ನೀರು ಅದರ ಎಷ್ಟೋ ಪಾಲು ಒಳನಾಡಿಗೆ ನುಗ್ಗುವುದು. ಮೇಲೆ ಚಂಡಮಾರುತ ಬಂದರೆ ಕೇಳುವುದೇ ಬೇಡ. ಇದರ ಜೊತೆಗೆ ನದಿಗಳು ತಂದು ಸುರಿಯಬೇಕಾದ ಮೆಕ್ಕಲು ಮಣ್ಣು ಅಣೆಕಟ್ಟುಗಳ ಹಿಂದೆ ತಡೆದು ನಿಂತಿದೆ. ಮಹಾನದಿಗೆ ಕಟ್ಟಿದ ಹಿರಾಕುಡ್ ಅಣೆಕಟ್ಟು 1957ರಲ್ಲಿ ಪೂರ್ಣಗೊಂಡದ್ದು ವಾಚಕರಿಗೆ ತಿಳಿದಿದೆ. ಮಣ್ಣಿನ ಊಟ ತಪ್ಪಿದ ತೀರ ಸೊರಗುವುದು ಸಹಜ. ಹೀಗೆ ತಪ್ಪು ಹತ್ತು ಕಡೆ ಹಂಚಿಹೋಗಿರುವುದರಿಂದ ನಷ್ಟ ಕಟ್ಟಿಕೊಡುವ ಹೊಣೆ ಯಾರ ಮೇಲೆಯೂ ನಿಲ್ಲುವುದಿಲ್ಲ.

ಇದು ಒಡಿಶಾದೊಬ್ಬರ ಸಂಕಟವಲ್ಲ. 1990ರಿಂದ 2018ರ ವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು, ಭಾರತದ ಕರಾವಳಿಯ ಮೂರನೆಯ ಒಂದು ಭಾಗ ಕೊರೆದುಹೋಗುತ್ತಿರುವುದಾಗಿ ಕಂಡುಕೊಂಡಿತು. ಕರ್ನಾಟಕದ ಕರಾವಳಿಯಲ್ಲಿ ಈ ಪ್ರಮಾಣ ಕಾಲುಭಾಗಕ್ಕೆ ತುಸು ಕಡಿಮೆ. ನದಿಯ ಕೊರೆತ ಇನ್ನೂ ಘೋರ. 1950ರ ದಶಕದಿಂದೀಚೆಗೆ ಬ್ರಹ್ಮಪುತ್ರೆಯೂ ಅವಳ ಉಪನದಿಗಳೂ ತನ್ನ ನಾಲ್ಕು ಲಕ್ಷ ಹೆಕ್ಟೇರಿಗೂ ಮಿಕ್ಕ ನೆಲವನ್ನು ನುಂಗಿದುವೆಂದು ಅಸ್ಸಾಂ ಸರ್ಕಾರ ಲೆಕ್ಕ ಕೊಟ್ಟಿದೆ. ಇದು ರಾಜ್ಯದ ವಿಸ್ತೀರ್ಣದಲ್ಲಿ ಶೇಕಡಾ ಏಳಕ್ಕೂ ಹೆಚ್ಚು. ಅಲ್ಲಿಯವರಿಗೆ ಜಮೀನು ಹೋದರೆ ಅನ್ನ ಮಾತ್ರ ಹೋಗುವುದಿಲ್ಲ. 2019ರಲ್ಲಿ ಪ್ರಕಟವಾದ ಪೌರತ್ವ ನೋಂದಣಿಗೆ 1971ರ ಮಾರ್ಚಿಗಿಂತ ಹಿಂದಿನ ಜಮೀನಿನ ದಾಖಲೆಯೂ ಒಂದು ಸಾಕ್ಷ್ಯವಾಗಿದ್ದಿತು. ಹತ್ತಾರು ಬಾರಿ ಮನೆ ಕಿತ್ತು ಹೊಸ ದಡ ಹುಡುಕಿದವನು ಆ ಕಾಗದವನ್ನು ಎಲ್ಲಿಂದ ತರಬೇಕು?

ಹೀಗಿದ್ದರೂ ಭಾರತ ಸರ್ಕಾರ ವಿಪತ್ತು ಪರಿಹಾರ ನಿಧಿಗಾಗಿ ಒಪ್ಪಿಕೊಂಡಿದ್ದ ಹನ್ನೆರಡು ವಿಪತ್ತುಗಳ ಪಟ್ಟಿಯಲ್ಲಿ ಪ್ರವಾಹ, ಬರ, ಆಲಿಕಲ್ಲು, ಕೀಟಬಾಧೆ ಎಲ್ಲವೂ ಇದ್ದುವು; ಕೊರೆತ ಇರಲಿಲ್ಲ. ನದಿ ಪಾತ್ರ ಬದಲಾಯಿಸಿ ಜಮೀನು ಕಳೆದುಕೊಂಡ ಸಣ್ಣ ರೈತರಿಗೆ ಮಾತ್ರ ಒಂದಿಷ್ಟು ನೆರವಿದ್ದಿತು. 2022ರ ದರದಲ್ಲಿ ಅದು ಹೆಕ್ಟೇರಿಗೆ 47,000 ರೂಪಾಯಿ. ಎರಡೂವರೆ ಎಕರೆ ಭೂಮಿ ಶಾಶ್ವತವಾಗಿ ಹೋದದ್ದಕ್ಕೆ ಈ ಬೆಲೆ! 2021ರಿಂದ 2026ರ ಅವಧಿಗೆ ಹದಿನೈದನೆಯ ಹಣಕಾಸು ಆಯೋಗವು ಕೊರೆತದಿಂದ ನಿರ್ವಸಿತರಾದವರ ಪುನರ್ವಸತಿಗೆ 1,000 ಕೋಟಿ ರೂಪಾಯಿಗಳನ್ನು ಪ್ರತ್ಯೇಕವಾಗಿ ತೆಗೆದಿಡಬೇಕೆಂದು ಶಿಫಾರಸು ಮಾಡಿದ್ದು ದೊಡ್ಡ ಹೆಜ್ಜೆಯೇ ಸರಿ. ಆದರೆ ಅದೂ ಹಣದ ಮಾತಾಯಿತು. ಹಕ್ಕಿನ ಮಾತು ಹಾಗೆಯೇ ಉಳಿಯಿತು.

ನದಿ ಕೊಂಡದ್ದು, ನದಿ ಕೊಟ್ಟದ್ದು

ನೀರಿನಡಿಯ ನೆಲದ ಒಡೆತನವನ್ನು ಕುರಿತು ಯಾವ ಕಾನೂನೂ ಯೋಚಿಸಿಯೇ ಇಲ್ಲವೇ? ಯೋಚಿಸಿದೆ, ಅದೂ ಇನ್ನೂರು ವರ್ಷಗಳ ಹಿಂದೆ, ಬಂಗಾಳದಲ್ಲಿ. ಗಂಗೆ, ಬ್ರಹ್ಮಪುತ್ರೆ, ಮೇಘನಾ ನದಿಗಳು ಒಂದು ದಡವನ್ನು ಕೆಡವಿ ಇನ್ನೊಂದು ದಡವನ್ನು ಬೆಳೆಸುತ್ತ ಬಂದಿರುವ ನಾಡು ಅದು. ಮುರಿದುಹೋದ ನೆಲಕ್ಕೆ ಶಿಕಸ್ತಿ, ಕೂಡಿಕೊಂಡ ನೆಲಕ್ಕೆ ಪಯಸ್ತಿ ಎಂದು ಅಲ್ಲಿಯ ಕಂದಾಯ ಕಾಗದಗಳಲ್ಲಿ ಪಾರಸಿಯ ಜೋಡಿ ಹೆಸರುಗಳೇ ಇವೆ. ನದಿಯ ನಡುವೆ ಹೊಸದಾಗಿ ಎದ್ದ ಮರಳು ದಿಣ್ಣೆಗೆ ‘ಚರ್’ ಎನ್ನುವರು. ನಮ್ಮ ದಕ್ಷಿಣ ಕನ್ನಡದವರು ಕುದ್ರು ಎನ್ನುತ್ತಾರಲ್ಲವೇ, ಅದೇ ಜಾತಿಯದು. ಆದರೆ ಒಂದೊಂದು ಚರ್ ನಮ್ಮ ಒಂದು ಹೋಬಳಿಯಷ್ಟು ವಿಸ್ತಾರವಾಗಿರುವುದೂ ಉಂಟು. ಸ್ಥಿರಾಸ್ತಿಯ ಎದುರು ಪದ ಕನ್ನಡದಲ್ಲಿ ಚರಾಸ್ತಿ. ಬಂಗಾಳಿಯ ಚರ್‌ಗೆ ಇದಕ್ಕಿಂತ ಒಪ್ಪುವ ಅರ್ಥ ಬೇರೆ ಸಿಕ್ಕಲಾರದು!

ಈ ಚರ್‌ಗಳಿಗಾಗಿ ಜಮೀನ್ದಾರರ ಲಾಠಿಯಾಳುಗಳು ಹೊಡೆದಾಡಿ ತಲೆ ಒಡೆದುಕೊಳ್ಳುತ್ತಿದ್ದುದನ್ನು ಕಂಡ ಈಸ್ಟ್ ಇಂಡಿಯಾ ಕಂಪೆನಿ 1825ರಲ್ಲಿ ಹನ್ನೊಂದನೆಯ ನಿಬಂಧನೆಯನ್ನು ಹೊರಡಿಸಿತು. ದಡಕ್ಕೆ ಮೆಲ್ಲಮೆಲ್ಲನೆ ಕೂಡಿಕೊಂಡ ಮಣ್ಣು ದಡದ ಒಡೆಯನದು. ದೊಡ್ಡ ನದಿಯಲ್ಲಿ, ಹಾಯಲಾಗದ ನೀರಿನ ಆಚೆ ಎದ್ದ ದ್ವೀಪ ಸರ್ಕಾರದ್ದು. ಎಲ್ಲಕ್ಕಿಂತ ಮೊದಲು ಊರಿನ ರೂಢಿಯನ್ನು ನೋಡಬೇಕು. ಇಷ್ಟು ಅದರ ಸಾರ. 1870ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಲೋಪೆಜ್ ಎಂಬುವರ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರಿನಲ್ಲಿ ಮುಳುಗಿದ ನೆಲ ಅದೇ ಜಾಗದಲ್ಲಿ ಮತ್ತೆ ಎದ್ದರೆ ಹಳೆಯ ಒಡೆಯನಿಗೇ ಸೇರಬೇಕೆಂದು ತೀರ್ಪಿತ್ತಿತು. ನೀರು ನೆಲವನ್ನು ಮುಚ್ಚಿದೆಯೇ ಹೊರತು ಹಕ್ಕನ್ನು ಅಳಿಸಿಲ್ಲ ಎಂಬುದು ಇದರ ತತ್ತ್ವ. ಎಷ್ಟು ಉದಾತ್ತವಾದ ಮಾತು!

ಆದರೆ ತತ್ತ್ವಕ್ಕೆ ಬಾಲವೊಂದಿದ್ದಿತು. ಮುಳುಗಿದ ಜಮೀನಿಗೆ ಗೇಣಿ ಕೊಡುವುದನ್ನು ನಿಲ್ಲಿಸಿದ ಒಕ್ಕಲು ಆ ಜಮೀನನ್ನು ಬಿಟ್ಟುಕೊಟ್ಟಂತೆಯೇ ಎಂದು ಹತ್ತೊಂಬತ್ತನೆಯ ಶತಮಾನದ ಕಲ್ಕತ್ತಾ ಹೈಕೋರ್ಟು ಹೇಳಿತು. ಬಡವನು ನೀರಿಗೆ ಗೇಣಿ ಕಟ್ಟುತ್ತ ಕೂರಬಲ್ಲನೇ? ಹಣವಿದ್ದವನು ಕಟ್ಟಿ ರಸೀದಿ ಇಟ್ಟುಕೊಂಡನು, ನೆಲ ಎದ್ದಾಗ ಬಂದು ಕುಳಿತನು. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರಗಳು ಒಳಗಾಗಿದ್ದ ಮುಂಬಯಿ ಪ್ರಾಂತದ 1879ರ ಕಂದಾಯ ಸಂಹಿತೆಯಲ್ಲಿಯೂ ನೀರು ಕೊಚ್ಚಿದ ನೆಲದ ಪ್ರಸ್ತಾಪ ಬರುವುದು: ಅರ್ಧ ಎಕರೆಗೆ ಕಡಿಮೆಯಿಲ್ಲದಷ್ಟು ನೆಲ ಹೋದರೆ ಕಂದಾಯವನ್ನು ಇಳಿಸಿಕೊಡಬೇಕೆಂದು. ನೆಲ ಹೋದವನಿಗೆ ತೆರಿಗೆಯೂ ಹೋಯಿತು. ಲೆಕ್ಕ ಸರಿಹೋಯಿತೆಂದು ಅಂದಿನ ಕಂದಾಯ ಇಲಾಖೆ ಭಾವಿಸಿದ್ದಿರಬೇಕು.

ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಲ್ಲಿ ಈ ಕಾನೂನು ಪಟ್ಟ ಪಾಡು ಕುತೂಹಲಕರವಾದುದು. 1950ರ ಕಾಯಿದೆ, ಮುಳುಗಿದ ನೆಲದ ಮೇಲೆ ಒಕ್ಕಲಿನ ಹಕ್ಕು ಇಪ್ಪತ್ತು ವರ್ಷ ಜೀವಂತವಾಗಿರುವುದೆಂದಿತು. 1972ರಲ್ಲಿ ಹೊಸದಾಗಿ ಹುಟ್ಟಿದ ಬಾಂಗ್ಲಾದೇಶ ಅದನ್ನು ಕಿತ್ತುಹಾಕಿ, ಮತ್ತೆ ಎದ್ದ ನೆಲವೆಲ್ಲ ಸರ್ಕಾರದ್ದೆಂದು ಸಾರಿತು. ಭೂಹೀನರಿಗೆ ಹಂಚಬೇಕೆಂಬುದು ಉದ್ದೇಶ. ಉದ್ದೇಶವೇನೋ ಒಳ್ಳೆಯದೇ, ಆದರೆ ನಿನ್ನೆಯ ವರೆಗೆ ಜಮೀನಿದ್ದು ಇಂದು ನದಿಯ ದೆಸೆಯಿಂದ ಭೂಹೀನನಾದವನು ತನ್ನದೇ ನೆಲಕ್ಕೆ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಯಿತು. ಅರ್ಜಿಗಿಂತ ಲಾಠಿ ವೇಗವಾಗಿ ಓಡುವುದೆಂಬುದು ಚರ್‌ಗಳ ಹಳೆಯ ಅನುಭವ. ಕೊನೆಗೆ 1994ರಲ್ಲಿ ಮತ್ತೊಂದು ತಿದ್ದುಪಡಿ ಬಂದು, ಮೂವತ್ತು ವರ್ಷಗಳೊಳಗೆ ಅದೇ ಜಾಗದಲ್ಲಿ ಎದ್ದ ನೆಲ, ಭೂಮಿತಿಗೆ ಒಳಪಟ್ಟು, ಹಳೆಯ ಒಡೆಯನಿಗೋ ಅವನ ವಾರಸುದಾರರಿಗೋ ಸೇರುವಂತಾಯಿತು. ಅಪ್ಪನ ಕಾಲದಲ್ಲಿ ಮುಳುಗಿದ ಗದ್ದೆಯನ್ನು ಮಗನು ಕಾಯುತ್ತ ಕೂರುವ ದೇಶ ಇನ್ನೊಂದಿದೆಯೋ ಇಲ್ಲವೋ!

ನೆಲ ಎದ್ದರೂ ತೊಡಕು ತಪ್ಪದು. ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯಲ್ಲಿ ಗಂಗೆ ಎಡದಂಡೆಯ ಹಳ್ಳಿಗಳನ್ನು ಕೆಡವಿ, ಅದೇ ಮಣ್ಣನ್ನು ಬಲದಂಡೆಯ ಕಡೆಗೆ ಚರ್‌ಗಳಾಗಿ ಎಬ್ಬಿಸಿದಳು. ಅತ್ತ ಇರುವುದು ಜಾರ್ಖಂಡ್ ರಾಜ್ಯ. ತಮ್ಮ ನೆಲ ಎದ್ದಿತೆಂದು ಅಲ್ಲಿಗೆ ಹೋಗಿ ಗುಡಿಸಲು ಹಾಕಿದವರು ತಾವು ಯಾವ ರಾಜ್ಯದ ಪ್ರಜೆಗಳೆಂಬುದನ್ನು ಹೊಸದಾಗಿ ಸಾಧಿಸಬೇಕಾಯಿತು. ಹೂಗ್ಲಿಯ ಮುಖದಲ್ಲಿರುವ ಘೋಡಾಮಾರಾ ದ್ವೀಪದವರ ಗತಿ ಇನ್ನೊಂದು ಬಗೆ. ದ್ವೀಪ ಕಿರಿದಾದಂತೆ ಅವರು ಪಕ್ಕದ ಸಾಗರ ದ್ವೀಪಕ್ಕೆ ದಾಟಿದರು. ಮೊದಲು ಬಂದವರಿಗೆ ಸರ್ಕಾರ ಜಮೀನು ಹಂಚಿತು. ಹಿಂದೆ ಬಂದವರ ಪಾಲು ಸಣ್ಣದಾಗುತ್ತ ಹೋಯಿತು. ಕಡೆಯವರೆಗೂ ತಮ್ಮ ನೆಲಕ್ಕೆ ಅಂಟಿಕೊಂಡಿದ್ದವರಿಗೇ ಕಡಿಮೆ ಸಿಕ್ಕಿದ್ದು ವಿಪರ್ಯಾಸವಲ್ಲವೇ?

ರಾಜ್ಯಗಳಿಗೊಂದು ನ್ಯಾಯ

ನದಿ ಕೊಂಡದ್ದನ್ನು ಎಂದಾದರೂ ಕೊಟ್ಟೀತು. ಮೂವತ್ತು ವರ್ಷಗಳ ಅವಧಿಗೆ ಅರ್ಥವಿರುವುದು ಆ ಕಾರಣದಿಂದ. ವರ್ಷವರ್ಷಕ್ಕೂ ಏರುವ ಸಮುದ್ರ ಕೊಂಡದ್ದನ್ನು ಕೊಡುವ ಲಕ್ಷಣವಿಲ್ಲ. ಇಲ್ಲಿ ಹಳೆಯ ಬಂಗಾಳದ ಕಾನೂನೂ ಕೈಚೆಲ್ಲಬೇಕಾಗುತ್ತದೆ. ಹಾಗಾದರೆ ಮುಳುಗಿದ ನೆಲದೊಡನೆ ಹಕ್ಕೂ ಮುಳುಗತಕ್ಕದ್ದೇ?

ಈ ಪ್ರಶ್ನೆ ತಮ್ಮ ಬುಡಕ್ಕೇ ಬಂದಾಗ ರಾಷ್ಟ್ರಗಳು ಏನು ಮಾಡಿದುವೆಂಬುದನ್ನು ನೋಡಬೇಕು. ಒಂದು ದೇಶದ ಸಮುದ್ರದ ಮೇಲಣ ಅಧಿಕಾರ, ಅಲ್ಲಿಯ ಮೀನು, ಎಣ್ಣೆ, ಅನಿಲಗಳ ಒಡೆತನ, ಇವೆಲ್ಲ ಅದರ ದಡದಿಂದ ಅಳೆದು ಗೊತ್ತುಮಾಡುವಂಥವು. ದಡ ಹಿಂದೆ ಸರಿದರೆ ಗಡಿಯೂ ಸರಿಯಬೇಕಷ್ಟೆ? ಹಾಗಾಗಕೂಡದೆಂದು ಶಾಂತ ಸಾಗರದ ದ್ವೀಪರಾಷ್ಟ್ರಗಳು 2021ರ ಆಗಸ್ಟಿನಲ್ಲಿ ಒಕ್ಕೊರಲಿನಿಂದ ಘೋಷಿಸಿದುವು: ಒಮ್ಮೆ ಗೊತ್ತಾದ ಸಮುದ್ರದ ಎಲ್ಲೆ ನೀರಿನ ಮಟ್ಟ ಏರಿದರೂ ಕುಗ್ಗತಕ್ಕದ್ದಲ್ಲ. ಬಡ ದ್ವೀಪಗಳ ಮಟ್ಟಿಗೆ ಇದು ನ್ಯಾಯವಾದ ಮಾತೇ. ಬಂಗಾಳ ಕೊಲ್ಲಿಯಲ್ಲಿಯೂ ಇಂಥದೊಂದು ಪ್ರಸಂಗ ನಡೆದಿದ್ದಿತು. 1970ರ ಮಹಾ ಚಂಡಮಾರುತದ ತರುವಾಯ ಎದ್ದ ದಕ್ಷಿಣ ತಾಲಪಟ್ಟಿ ಎಂಬ ಮರಳು ದಿಣ್ಣೆಗಾಗಿ ಭಾರತ, ಬಾಂಗ್ಲಾದೇಶಗಳು ವರ್ಷಗಟ್ಟಲೆ ವಾದಿಸಿದುವು. ನಾವೂ ಅದಕ್ಕೆ ನ್ಯೂ ಮೂರ್ ಎಂದು ಹೆಸರಿಟ್ಟುಕೊಂಡಿದ್ದೆವು. 2010ರ ವೇಳೆಗೆ ದಿಣ್ಣೆಯೇ ಮಾಯವಾಯಿತು! ಆದರೂ ಮೊಕದ್ದಮೆ ಮುಳುಗಲಿಲ್ಲ. 2014ರ ಜುಲೈನಲ್ಲಿ ಹೇಗ್ ನಗರದ ಪಂಚಾಯಿತಿ ನ್ಯಾಯಮಂಡಲಿಯು ವಿವಾದದ 25,602 ಚದರ ಕಿಲೋಮೀಟರುಗಳಲ್ಲಿ 19,467ನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ಸರ್ಕಾರಗಳ ಪಾಲಿಗೆ ನೀರಿನಡಿಯ ಆಸ್ತಿಯೂ ಆಸ್ತಿಯೇ. ಅದೇ ಸರ್ಕಾರಗಳ ಕಚೇರಿಗಳಲ್ಲಿ ರೈತನ ನೀರಿನಡಿಯ ಪಟ್ಟೆ ಬರಿಯ ಕಾಗದವಾಗುವುದಕ್ಕೆ ಸರಿಯಾದ ಕಾರಣವನ್ನು ಯಾರೂ ಹೇಳಿದಂತಿಲ್ಲ.

ಸಮುದ್ರದ ನೆಲವನ್ನು ರೈತನಿಗೆ ಬರೆದುಕೊಡಿ ಎಂದಲ್ಲ. ಮುಳುಗಿದ ಪಟ್ಟೆ ಹೊಸ ನೆಲದ ಮೇಲಣ ಹಕ್ಕಾಗಿ ಬದಲಾಗುವ ದಾರಿ ಬೇಕು. ಅದಕ್ಕೆ ನೆಲ ಇನ್ನೂ ಮೇಲಿರುವಾಗಲೇ ಅಳತೆಯಾಗಬೇಕು, ಯಾರದೆಷ್ಟು ಎಂದು ಗೊತ್ತಾಗಬೇಕು, ಗೇಣಿಗೆ ಉಳುವವನ ಹೆಸರೂ ಬರಬೇಕು. ಮನೆಗಳು ಬಿದ್ದ ಮೇಲೆ ಬರುವ ಅಮಲುದಾರನು ಅಲೆಗಳನ್ನು ಎಣಿಸಬೇಕೇ ಹೊರತು ಗುಂಟೆಗಳನ್ನಲ್ಲ.

ನೊವಾಖಾಲಿಯ ಖತಿಯಾನು

ಹೊಸ ನೆಲವನ್ನು ಹಂಚುವ ಕೆಲಸ ಅಸಾಧ್ಯವೇನಲ್ಲವೆಂಬುದಕ್ಕೆ ಬಾಂಗ್ಲಾದೇಶದ ನೊವಾಖಾಲಿ ಜಿಲ್ಲೆಯಲ್ಲಿ ದೃಷ್ಟಾಂತವಿದೆ. ಮೇಘನಾ ನದಿ ಸಮುದ್ರ ಸೇರುವಲ್ಲಿ ಕೊರೆತದಷ್ಟೇ ಜೋರಾಗಿ ಚರ್‌ಗಳೂ ಹುಟ್ಟುತ್ತಿವೆ. 1994ರಲ್ಲಿ ಡಚ್ಚರ ನೆರವಿನಿಂದ ಅಲ್ಲಿ ಚರ್ ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಸಮುದ್ರಕ್ಕೆ ಕೃಷಿಭೂಮಿಯನ್ನು ಬಿಟ್ಟುಕೊಡದ ಹಟ ಡಚ್ಚರಿಗೆ ರಕ್ತಗತವಾದದ್ದು. ನದಿ ಬೇರೆಡೆ ಮನೆ ಕೆಡವಿದ್ದರಿಂದ ಬಂದು ಗುಡಿಸಲು ಹಾಕಿದ್ದ ಕುಟುಂಬಗಳೇ ಅಲ್ಲಿ ಹೆಚ್ಚು. ಅವರನ್ನು ಓಡಿಸಿ ಬಾಡಿಗೆ ಕಸಿಯುವ ದಾಂಡಿಗರೂ ಇದ್ದರು. ಯೋಜನೆಯವರು ಒಡ್ಡು, ತೂಬು, ರಸ್ತೆ, ಚಂಡಮಾರುತದ ಆಶ್ರಯಮನೆಗಳನ್ನು ಕಟ್ಟುವುದರ ಜೊತೆಯಲ್ಲಿಯೇ ಅಳತೆಗಾರರನ್ನು ಕಳುಹಿದರು. ಯಾರು ಎಲ್ಲಿ ನೆಲೆಸಿದ್ದಾರೆಂಬುದನ್ನು ಊರವರ ಎದುರಿನಲ್ಲಿಯೇ ಕೂಗಿ ಹೇಳಿ ಬರೆದುಕೊಂಡು, ಭೂಹೀನರೆಂದು ಗೊತ್ತಾದವರಿಗೆ ಖತಿಯಾನು ಕೊಡಿಸಿದರು. ಖತಿಯಾನು ಎಂದರೆ ನಮ್ಮ ಪಹಣಿಗೆ ಸಮೀಪವಾದ ಹಕ್ಕುದಾಖಲೆ.

ಆ ಖತಿಯಾನಿನಲ್ಲಿ ಗಂಡಹೆಂಡಿರಿಬ್ಬರಿಗೂ ಸಮಪಾಲು. ಮೊದಲು ಬರುವುದು ಹೆಂಡತಿಯ ಹೆಸರು, ಆಮೇಲೆ ಗಂಡನದು. ಗಂಡಸರು ಕೂಲಿಗೆಂದು ಢಾಕಾ, ಚಟ್ಟಗ್ರಾಮಗಳಿಗೆ ಹೋದವರು ಹಿಂದಿರುಗದೆ ಬೇರೆ ಸಂಸಾರ ಹೂಡುವ ಪ್ರಸಂಗಗಳನ್ನು ಕಂಡಿದ್ದವರು ಮಾಡಿದ ಉಪಾಯ ಇದು. ಹೊಸ ಚರ್‌ನ ಮಣ್ಣಿನಲ್ಲಿ ಉಪ್ಪು ಬಹಳ. ಕೆಲವು ಮಳೆಗಾಲಗಳು ಅದನ್ನು ತೊಳೆದ ಮೇಲಷ್ಟೆ ಬತ್ತ ಚೆನ್ನಾಗಿ ತೆನೆಯೊಡೆಯುವುದು. ಅಲ್ಲಿಯ ವರೆಗೆ ಮನೆಯಾಕೆ ಗುಡಿಸಲ ಸುತ್ತ ದಿಬ್ಬ ಎತ್ತಿ, ಕೊಳ ತೋಡಿ, ಮಳೆನೀರು ಹಿಡಿದು, ಸೊಪ್ಪು ತರಕಾರಿ ಬೆಳೆದು, ಬಾತುಕೋಳಿ ಸಾಕಿ ಸಂಸಾರ ನಡೆಸಬೇಕು. ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಾಡಿನ ತೊಲೆಗೆ ಕಟ್ಟಿಟ್ಟರೆ ನೀರು ಬಂದರೂ ನೆನೆಯುವುದಿಲ್ಲ.